ಹನ್ನೆರಡು ಅಡಿಯ ಕೋಣೆ

ಅಕ್ಕನ ಮನೆಯ ಮುಂದಿನ ಕೋಣೆ ಹನ್ನೆರಡು ಅಡಿ ಅಗಲ ಎಂದು ನಾನು ಬರೆದಿದ್ದೆ. ಬರೆಯುವಾಗ ಅನುಮಾನವೇ ಬರಲಿಲ್ಲ. ಆ ಕೋಣೆಯಲ್ಲಿ ನಾನು ಮೂರು ವರ್ಷ ಮಲಗಿದ್ದೆ.

ನನ್ನದು ಮನೆಗಳಿಗೆ ಬೆಲೆ ಬರೆಯುವ ಕೆಲಸ. ಯಾರಾದರೂ ಮನೆ ಕೊಳ್ಳಲು ಬ್ಯಾಂಕಿನಲ್ಲಿ ಸಾಲ ಕೇಳಿದರೆ, ಆ ಮನೆ ನಿಜವಾಗಿ ಎಷ್ಟು ಬಾಳುತ್ತದೆಂದು ನೋಡಿಬರಲು ಬ್ಯಾಂಕು ನಮ್ಮ ಆಫೀಸಿಗೆ ಫೈಲು ಕಳಿಸುತ್ತದೆ. ನಾನು ಟೇಪು ಹಿಡಿದು ಹೋಗಿ ಗೋಡೆಯಿಂದ ಗೋಡೆಗೆ ಅಳೆಯುತ್ತೇನೆ, ನಕ್ಷೆ ಬರೆಯುತ್ತೇನೆ, ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಮೂರು ಮನೆಗಳ ಬೆಲೆಯನ್ನು ಪಕ್ಕಕ್ಕಿಟ್ಟು ಹೋಲಿಸಿ, ಕೊನೆಗೆ ಒಂದು ಅಂಕಿ ಬರೆಯುತ್ತೇನೆ. ಟೇಪಿಗೆ ಊರು ಗೊತ್ತಾಗುವುದಿಲ್ಲ. ಹತ್ತು ಅಡಿ ಎಲ್ಲಿ ಹಿಡಿದರೂ ಹತ್ತೇ ಅಡಿ. ಆದರೆ ನಾನಿರುವ ದೊಡ್ಡ ಊರಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕೂ ಬಚ್ಚಲಿಗೂ ಸೇರಿಸಿ ಬರೆಯುವ ಅಂಕಿಗೆ, ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಇಳಿದರೆ ಸಿಗುವ ಅಕ್ಕನ ಊರಿನಲ್ಲಿ ಹಿತ್ತಲಿರುವ ಇಡೀ ಮನೆ ಬರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ವಿಚಿತ್ರ ಅನಿಸುತ್ತಿತ್ತು. ಆಮೇಲೆ ಏನೂ ಅನಿಸದಾಯಿತು. ದಿನಕ್ಕೆ ಮೂರು ಮನೆಗೆ ಬೆಲೆ ಬರೆದು ಸಂಜೆ ನಾನು ಹಿಂತಿರುಗುತ್ತಿದ್ದದ್ದು ಬಾಡಿಗೆಯ ಒಂದು ಕೋಣೆಗೆ. ಅದಕ್ಕೆ ಬೆಲೆ ಬರೆದರೆ ಎಷ್ಟಾದೀತು ಎಂದು ನಾನು ಯಾವತ್ತೂ ಲೆಕ್ಕ ಹಾಕಲಿಲ್ಲ.

ಡಿಗ್ರಿ ಮುಗಿಸಿ ಕೆಲಸ ಸಿಗದೆ ಅಲೆಯುತ್ತಿದ್ದಾಗ ನನ್ನನ್ನು ಇಟ್ಟುಕೊಂಡವಳು ಅಕ್ಕ. ಅವಳು ಶಾಲೆಯ ಚೀಲ ಹೊಲಿದು ಅಂಗಡಿಗಳಿಗೆ ಕೊಡುತ್ತಾಳೆ. ಹೊಲಿಗೆಯ ಎರಡು ಮಿಷನ್ನುಗಳು ಮುಂದಿನ ಕೋಣೆಯಲ್ಲಿದ್ದವು. ನಾನು ಬರುತ್ತೇನೆಂದಾಗ ಒಂದನ್ನು ಅಡುಗೆಮನೆಗೆ, ಇನ್ನೊಂದನ್ನು ನಡೆಯಲು ಜಾಗವಿಲ್ಲದ ನಡುಮನೆಗೆ ಎಳೆದು, ನನಗೆ ಮಂಚ ಹಾಕಿದಳು. ತಲೆದಿಂಬಿನ ಮೇಲೆ ಪೂರ್ವಕ್ಕೆ ಒಂದು ಕಿಟಕಿ. ಬೆಳಿಗ್ಗೆ ಎಂಟಕ್ಕೆ ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಎಂಟರವರೆಗೂ ಮಲಗಿರುತ್ತಿದ್ದೆ ಎಂದೇ ಅರ್ಥ. ಯಾರೂ ಎಬ್ಬಿಸುತ್ತಿರಲಿಲ್ಲ.

ಭಾವ ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವರು. ಅವರು ನನ್ನನ್ನು ಕರೆಯುತ್ತಿದ್ದದ್ದೇ 'ಡಿಗ್ರಿ' ಎಂದು. ಊಟಕ್ಕೆ ಕೂತರೆ, ಡಿಗ್ರಿಗೆ ಇನ್ನೊಂದು ಸೌಟು ಹಾಕು, ಓದಿದವರಿಗೆ ಹಸಿವು ಜಾಸ್ತಿ ಎನ್ನುತ್ತಿದ್ದರು. ಕುಟುಕಿದ್ದೋ ಅಕ್ಕರೆಯೋ ಆಗ ನನಗೆ ತಿಳಿಯುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದೆ. ಈ ಬೆಲೆ ಬರೆಯುವ ಕೆಲಸದ ಜಾಹೀರಾತನ್ನು ಪೇಪರಿನಿಂದ ಕತ್ತರಿಸಿ ನನ್ನ ದಿಂಬಿನ ಮೇಲಿಟ್ಟವರೂ ಅವರೇ.

ಕೆಲಸ ಸಿಕ್ಕಿತು, ಹೋದೆ. ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿದ್ದೆ. ಆಮೇಲೆ ಆರು ತಿಂಗಳಿಗೊಮ್ಮೆ. ಆಮೇಲೆ ಐದು ವರ್ಷ ಬರೀ ಫೋನು.

ಆ ಮನೆ ಅವರ ಸ್ವಂತದ್ದಲ್ಲ. ಮನೆ ಒಡತಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ನಾವೆಲ್ಲ ನರ್ಸಮ್ಮ ಎನ್ನುತ್ತಿದ್ದೆವು. ರಿಟೈರಾದ ಮೇಲೆ ಮಗಳಿರುವ ದೊಡ್ಡ ಊರಿಗೆ, ಎಂದರೆ ನಾನಿರುವ ಊರಿಗೇ, ಹೋಗಿದ್ದರು. ಮಗಳ ಮನೆಯಲ್ಲಿ ಇರಲು ಜಾಗವಿಲ್ಲದೆ ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದರು. ಇಲ್ಲಿನದನ್ನು ಮಾರಿ ಅಲ್ಲೊಂದು ಸ್ವಂತ ಕೋಣೆ ಮಾಡಿಕೊಳ್ಳಬೇಕು ಎನ್ನುವುದು ಅವರ ಆಸೆ. ಹದಿನಾಲ್ಕು ವರ್ಷ ಬಾಡಿಗೆ ತಪ್ಪಿಸದ ಅಕ್ಕನಿಗೇ ಕೊಡುತ್ತೇನೆ, ಇಪ್ಪತ್ತೆರಡು ಲಕ್ಷಕ್ಕೆ, ಎಂದು ಮಾತು ಕೊಟ್ಟರು. ಅಕ್ಕ ಬ್ಯಾಂಕಿಗೆ ಅರ್ಜಿ ಹಾಕಿದಳು. ಭಾವ ಫೋನಿನಲ್ಲಿ, "ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂತಾರೆ. ನಮ್ಮಂಥವರಿಗೆ ಬ್ಯಾಂಕಿಗೆ ಹೋಗಿ ನೋಡು ಅಂದ್ರೆ ಸಾಕು" ಎಂದು ನಕ್ಕಿದ್ದರು. ಖುಷಿಯಲ್ಲಿದ್ದರು.

ಆ ಫೈಲು ನನ್ನ ಮೇಜಿಗೇ ಬಂತು.

ಸಂಬಂಧಿಕರ ಮನೆಗೆ ಬೆಲೆ ಬರೆಯಬಾರದು. ಫಾರಮ್ಮಿನ ಮೊದಲ ಗೆರೆಯೇ ಅದು: ಸಾಲ ಕೇಳಿದವರಿಗೂ ನನಗೂ ಯಾವ ಸಂಬಂಧವೂ ಇಲ್ಲ. ಪಕ್ಕದಲ್ಲಿ ಒಂದು ಚೌಕ. ನಾನು ಟಿಕ್ ಹಾಕಿದೆ. ಕಾರಣ ಇತ್ತು. ಬ್ಯಾಂಕು ಕೊಡುವುದು ನಾವು ಬರೆದ ಬೆಲೆಯ ಮುಕ್ಕಾಲು ಪಾಲು. ನಾನು ಇಪ್ಪತ್ತೆರಡು ಎಂದು ಬರೆದರೆ ಉಳಿದ ಐದೂವರೆ ಲಕ್ಷವನ್ನು ಅಕ್ಕ ಕೈಯಿಂದ ಹಾಕಬೇಕು. ಒಡವೆಯನ್ನೆಲ್ಲ ಮಾರಿದರೆ ಹೇಗೋ ಅಷ್ಟು ಹೊಂದೀತು, ಆಮೇಲೆ ಅವಳ ಕೈ ಖಾಲಿ. ಮೂವತ್ತು ಎಂದು ಬರೆದರೆ ಪೂರ್ತಿ ಇಪ್ಪತ್ತೆರಡೂ ಸಾಲವಾಗಿ ಬರುತ್ತದೆ. ಮೂರು ವರ್ಷ ತಿಂದ ಅನ್ನಕ್ಕೆ ನಾನು ಏನನ್ನೂ ಹಿಂದಿರುಗಿಸಿರಲಿಲ್ಲ. ಒಂದು ಅಂಕಿಯಿಂದ ತೀರುವುದಾದರೆ ತೀರಲಿ ಅನಿಸಿತು.

ಅಳೆಯಲು ಹೋಗಲಿಲ್ಲ. ಹೋಗಿ ಬರಲು ಇಡೀ ದಿನ ಬೇಕು, ಕಣ್ಣು ಕಟ್ಟಿ ಬಿಟ್ಟರೂ ನಡೆದಾಡುವ ಮನೆ ಅದು. ಆಫೀಸಿನ ಮೇಜಿನಲ್ಲೇ ಕೂತು ನಕ್ಷೆ ಬರೆದೆ. ನಡುಮನೆ, ಅಡುಗೆಮನೆ, ಹಿತ್ತಲ ಬಾಗಿಲು. ಮುಂದಿನ ಕೋಣೆ ಹನ್ನೆರಡು ಅಡಿ, ಪೂರ್ವದ ಗೋಡೆಗೆ ಕಿಟಕಿ. ಆ ಬೀದಿಯಲ್ಲಿ ಆರು ವರ್ಷದಿಂದ ಒಂದು ಮನೆಯೂ ಮಾರಾಟವಾಗಿರಲಿಲ್ಲ. ಹೋಲಿಕೆಗೆ ಊರಾಚೆಯ ಹೊಸ ರಸ್ತೆಯ ಬಳಿಯ ಮೂರು ಮನೆ ಹಿಡಿದೆ. ದೊಡ್ಡ ಊರಿನವರು ವಾರಕ್ಕೊಮ್ಮೆ ಬಂದುಹೋಗಲು ಕೊಂಡ ಮನೆಗಳವು. ಮೂವತ್ತು ಲಕ್ಷ ಎಂದು ಬರೆದು, ಯಾರಿಗೂ ಓದಲಾಗದ ನನ್ನ ಸಹಿ ಹಾಕಿ ಕಳಿಸಿದೆ. ಅಕ್ಕನಿಗೆ ಹೇಳಲಿಲ್ಲ. ಮುಂದೊಂದು ದಿನ ಹೇಗೋ ಅವಳಿಗೆ ತಿಳಿಯಲಿ, ಆಗ ನಾನು ಏನೂ ಅಲ್ಲವೆಂಬಂತೆ ತಲೆ ತಗ್ಗಿಸಿ ನಗುತ್ತೇನೆ ಎಂದುಕೊಂಡಿದ್ದೆ. ಆ ನಗೆಯನ್ನು ಒಂದೆರಡು ಸಲ ಮನಸ್ಸಿನಲ್ಲೇ ನಕ್ಕೂ ಇದ್ದೆ. ಈಗ ಅದು ನೆನಪಾದರೆ ಮೈ ಹಿಡಿಯಾಗುತ್ತದೆ.

ಹತ್ತು ದಿನದ ಮೇಲೆ ಅಕ್ಕ ಫೋನು ಮಾಡಿದಳು. ನಕ್ಷೆಯಲ್ಲಿ ತೋರಿಸಿದ ಗಡಿ ಸರಿ ಇದೆಯೆಂದು ಮನೆ ಮಾರುವವರೂ ಸಹಿ ಹಾಕಬೇಕು ಎಂಬ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ನೆನಪಾಗಿರಲಿಲ್ಲ, ಅಷ್ಟೆ. ಬ್ಯಾಂಕಿನವರು ನರ್ಸಮ್ಮನ ಕೈಗೆ ಕಾಗದ ಕೊಟ್ಟಿದ್ದರು. ಮೇಲುಗಡೆಯೇ ಮೂವತ್ತು ಲಕ್ಷ ಎಂದಿತ್ತು. ನರ್ಸಮ್ಮ ಸಹಿ ಹಾಕದೆ ಕಾಗದ ಮಡಚಿಕೊಂಡು ಎದ್ದುಹೋದರಂತೆ. ಮರುದಿನ ಫೋನು ಮಾಡಿ ಮೂವತ್ತೇ ಕೊಡಿ ಎಂದರಂತೆ. ಅದರ ಮುಕ್ಕಾಲು ಬ್ಯಾಂಕು ಕೊಟ್ಟರೂ ಏಳೂವರೆ ಲಕ್ಷ ಅಕ್ಕ ಎಲ್ಲಿಂದ ತರಬೇಕು? ಭಾನುವಾರ ನರ್ಸಮ್ಮ ಬರುತ್ತಾರೆ, ನೀನೂ ಬರುತ್ತೀಯಾ, ನಿನಗೆ ಈ ಕೆಲಸದ ಒಳಹೊರಗು ಗೊತ್ತಲ್ಲ ಎಂದಳು. ದನಿಯಲ್ಲಿ ಬೇರೇನೂ ಇರಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗೆ ಕತ್ತಲು ಅನಿಸಿತು. ಮುಂದಿನ ಕೋಣೆಯಲ್ಲಿ ಹಗಲಲ್ಲೇ ದೀಪ ಉರಿಯುತ್ತಿತ್ತು. ಪೂರ್ವದ ಗೋಡೆ ಬೋಳಾಗಿತ್ತು. ಕಿಟಕಿ ಇದ್ದ ಜಾಗದಲ್ಲಿ ಸಿಮೆಂಟು ಮೆತ್ತಿ ಸುಣ್ಣ ಬಳಿದಿದ್ದರು. ಉಳಿದ ಗೋಡೆಗಿಂತ ಅದೊಂದು ಚೌಕ ಸ್ವಲ್ಪ ಬಿಳಿ.

"ಓ, ಡಿಗ್ರಿ ಬಂತು," ಎಂದರು ಭಾವ. ಐದು ವರ್ಷದಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ದಾರಿ ನೆನಪಿತ್ತಾ, ಕೇಳ್ಕೊಂಡು ಬಂದ್ಯಾ?"

ಎರಡು ಮಿಷನ್ನುಗಳೂ ಮತ್ತೆ ಈ ಕೋಣೆಗೆ ಬಂದಿದ್ದವು. ಒಂದರ ಪಕ್ಕದ ಸ್ಟೂಲಿನಲ್ಲಿ ನರ್ಸಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಕ್ಕ ನನಗೆ ನೀರು ತಂದುಕೊಟ್ಟಳು. ನಾನು ಗೋಡೆ ನೋಡುತ್ತಿದ್ದದ್ದನ್ನು ಅವಳು ನೋಡಿದಳು.

ನರ್ಸಮ್ಮ ಬಂದಾಗಿನಿಂದ ಏನು ಹೇಳಿದ್ದರೋ ಅದನ್ನೇ ನನಗಾಗಿ ಇನ್ನೊಮ್ಮೆ ಹೇಳಿದರು. ಮಗಳ ಊರಿನಲ್ಲಿ ಅವರು ಹನ್ನೊಂದು ಕಡೆ ನೋಡಿದ್ದರು. ಇಪ್ಪತ್ತೆರಡು ಎಂದರೆ ದಲ್ಲಾಳಿಗಳು ಫೋನೇ ಇಟ್ಟುಬಿಡುತ್ತಾರೆ. ಮೂವತ್ತಿಗೆ ಊರಿನ ಕೊನೆಯಲ್ಲಿ, ನಾಲ್ಕನೆಯ ಮಹಡಿಯಲ್ಲಿ, ಲಿಫ್ಟಿಲ್ಲದ ಒಂದು ಕೋಣೆ ಇದೆ. ಮಗಳ ಮನೆಗೆ ಒಂದೇ ಬಸ್ಸು. "ಕೊಟ್ಟ ಮಾತು ಮುರೀತಿದೀನಿ, ನನಗೆ ಗೊತ್ತಿದೆ," ಎಂದರು. "ಆ ಕಾಗದ ನೋಡೋವರೆಗೂ ನನಗೆ ದುರಾಸೆ ಅನ್ನೋದು ಇರಲಿಲ್ಲಮ್ಮ. ಬ್ಯಾಂಕೇ ಮೂವತ್ತು ಅಂದ್ಮೇಲೆ ಇಪ್ಪತ್ತೆರಡಕ್ಕೆ ಕೊಟ್ಟೆ ಅಂದ್ರೆ ಮಗಳು ನನಗೆ ತಲೆ ಕೆಟ್ಟಿದೆ ಅಂತಾಳೆ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಪ್ರಯತ್ನಪಟ್ಟೆ. ಆಗಲಿಲ್ಲ. ಅವರು ಹೇಳಿದ ಆ ನಾಲ್ಕನೆಯ ಮಹಡಿಯ ಕಟ್ಟಡ ನನಗೆ ಗೊತ್ತಿತ್ತು. ಅದಕ್ಕೆ ಬೆಲೆ ಬರೆದವರು ನಮ್ಮ ಆಫೀಸಿನವರೇ.

ಭಾವ ಬ್ಯಾಂಕು ತಮಗೂ ಕೊಟ್ಟಿದ್ದ ಅದೇ ಕಾಗದದ ಪ್ರತಿಯನ್ನು ತೆಗೆದುಕೊಂಡು ದೀಪದ ಕೆಳಗೆ ಹಿಡಿದರು. ವಾರದಿಂದ ಅದನ್ನೇ ನೋಡುತ್ತಿದ್ದರಂತೆ. "ಒಂದು ವಿಷ್ಯ ಕೇಳ್ತೀನಿ, ನಿನ್ನ ಹತ್ರ ಟೇಪಿದೆಯಾ?" ಎಂದರು.

ಟೇಪು ಯಾವಾಗಲೂ ನನ್ನ ಚೀಲದಲ್ಲಿರುತ್ತದೆ.

"ಹಿಡಿ. ಈ ಕೋಣೆ ಅಗಲ ಎಷ್ಟು ಹೇಳು."

ಒಂದು ತುದಿಯನ್ನು ಅಕ್ಕ ಹಿಡಿದಳು. ಕೆಳಗೆ ಕೂತು, ಗೋಡೆಯ ಬುಡಕ್ಕೆ ಒತ್ತಿ, ಹೆಬ್ಬೆರಳಿನಿಂದ ಅಲುಗದಂತೆ ಹಿಡಿದಳು. ಬಟ್ಟೆ ಅಳೆದು ಅಳೆದು ಅವಳ ಕೈಗೆ ಅದು ಬಂದಿತ್ತು. ನಾನು ಇನ್ನೊಂದು ತುದಿಯನ್ನು ಎಳೆದುಕೊಂಡು ಎದುರು ಗೋಡೆಗೆ ಹೋದೆ. ಬೇಗ ಬಂದುಬಿಟ್ಟಿತು ಗೋಡೆ. ಬಗ್ಗಿ ನೋಡಿದೆ. ಅಲ್ಲೇ ಸ್ವಲ್ಪ ಹೊತ್ತು ಬಗ್ಗಿದ್ದೆ.

"ಹತ್ತು ಅಡಿ ಎರಡಿಂಚು," ಎಂದೆ.

"ಇಲ್ಲಿ ಹನ್ನೆರಡು ಅಂತ ಬರೆದಿದಾರೆ!" ಭಾವ ಕಾಗದ ತಟ್ಟಿದರು. "ಎರಡು ಮಿಷನ್ನು ಇಟ್ರೆ ಚಾಪೆ ಬಿಡಿಸೋಕಾಗಲ್ಲ, ಹನ್ನೆರಡು ಎಲ್ಲಿಂದ ಬರುತ್ತೆ ಅಂತ ನಾನು ಮೊದಲ ದಿನವೇ ಅಂದೆ. ಇನ್ನೊಂದು ನೋಡು. ಕಿಟಕಿ ಬರೆದಿದಾರೆ. ನಮ್ಮನೇಲಿ ಕಿಟಕಿ ಎಲ್ಲಿದೆ ಈಗ? ಪಕ್ಕದವರು ಗೋಡೆ ಎಬ್ಬಿಸಿದಾಗ ನಾನೇ ನಿಂತು ಮುಚ್ಚಿಸಿದ್ದು. ಈ ಮನುಷ್ಯ ಬಂದೇ ಇಲ್ಲ. ಯಾವುದೋ ಹಳೇ ಕಾಗದ ನೋಡಿ ಗೀಚಿದಾನೆ."

ನರ್ಸಮ್ಮ ಕನ್ನಡಕ ಹಾಕಿಕೊಂಡು ಕಾಗದವನ್ನೂ ಗೋಡೆಯ ಬಿಳಿ ಚೌಕವನ್ನೂ ನೋಡಿದರು. ಹೌದಲ್ಲ ಎಂದರು. ಆಮೇಲೆ ಅವರು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಅಳತೆ ತಪ್ಪು, ಬೆಲೆ ತಪ್ಪು ಅಂತ ಅವರೇ ಬರೆದುಕೊಡ್ಲಿ. ನಾನು ಹಳೇ ಮಾತಿಗೆ ನಿಲ್ತೀನಿ. ಮಗಳಿಗೆ ತೋರಿಸೋಕೆ ನನಗೊಂದು ಕಾಗದ ಬೇಕು, ಅಷ್ಟೆ."

ಭಾವನ ಮುಖ ಅರಳಿತು. ನನ್ನ ಕಡೆ ತಿರುಗಿದರು. "ಹೇಳು ಡಿಗ್ರಿ. ನಿಮ್ಮ ಕಸುಬಿನಲ್ಲಿ ಹಿಂಗಾದ್ರೆ ಏನು ಮಾಡ್ತಾರೆ?"

ಟೇಪು ಇನ್ನೂ ನನ್ನ ಕೈಯಲ್ಲಿತ್ತು. "ದೂರು ಕೊಡಬಹುದು," ಎಂದೆ. "ಮತ್ತೆ ಅಳೀತಾರೆ. ಹಳೇದು ರದ್ದಾಗುತ್ತೆ."

"ಬರೆದವನಿಗೆ?"

"ಅವನ ಕೆಲಸ ಹೋಗುತ್ತೆ."

"ಹೋಗ್ಲಿ," ಎಂದರು ಭಾವ. ದನಿಯಲ್ಲಿ ಕೋಪವಿರಲಿಲ್ಲ, ಕಸುಬಿನವರ ತೀರ್ಪಿತ್ತು. "ಮೂವತ್ತು ವರ್ಷ ತಕ್ಕಡಿ ನೋಡಿದೀನಿ. ತಟ್ಟೆ ಮೇಲೆ ಬೆರಳಿಟ್ಟು ತೂಗೋನು ಯಾರೇ ಆಗ್ಲಿ, ಅವನ ಅಂಗಡಿ ಮುಚ್ಚಬೇಕು."

ನಾನು ಅಕ್ಕನನ್ನು ನೋಡಲಿಲ್ಲ. ಅವಳು ಇನ್ನೂ ಟೇಪಿನ ತುದಿ ಹಿಡಿದು ಗೋಡೆಯ ಬುಡದಲ್ಲೇ ಕೂತಿದ್ದಳು. ಅವಳು ಬಿಟ್ಟಳು. ಟೇಪು ಸರ್ರೆಂದು ನೆಲದ ಮೇಲೆ ಓಡಿಬಂದು ನನ್ನ ಮುಷ್ಟಿಗೆ ಬಡಿಯಿತು.

"ದೂರೂ ಬೇಡ ಏನೂ ಬೇಡ," ಎಂದಳು. "ಯಾರ ಹೊಟ್ಟೆ ಮೇಲೂ ಹೊಡೆಯೋದು ಬೇಡ. ಅವರಿಗೂ ಮನೆ, ಮಕ್ಕಳು ಇರ್ತಾರೆ."

ಭಾವ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಆಮೇಲೆ ನಡೆದದ್ದು ಗಂಡಹೆಂಡಿರ ಮಾತು. ಹದಿನಾಲ್ಕು ವರ್ಷ ಸುಣ್ಣ ಬಳಿದವರು ಯಾರು, ಹಿತ್ತಲ ತೊಟ್ಟಿ ಕಟ್ಟಿಸಿದವರು ಯಾರು, ಯಾರದೋ ಕೆಲಸ ಉಳಿಸೋಕೆ ನಾವು ಬೀದಿಗೆ ಬೀಳಬೇಕಾ ಎಂದು ಅವರು ಕೇಳಿದರು. ಅಕ್ಕ ಒಂದಕ್ಕೂ ಉತ್ತರ ಕೊಡದೆ, ನಿಂತಿದ್ದ ಮಿಷನ್ನಿನಿಂದ ನೂಲು ಬಿಡಿಸುತ್ತಿದ್ದಳು. ನಾನೇ ಎಂದು ಹೇಳಲು ಬೇಕಾದಷ್ಟು ಜಾಗ ಆ ಮೌನದಲ್ಲಿತ್ತು. ಒಂದಲ್ಲ, ನಾಲ್ಕೈದು ಸಲ. ಮೌನ ನನಗೆ ಒಗ್ಗುತ್ತದೆ ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳುತ್ತಿದ್ದರು, ಯೋಚನೆ ಮಾಡುವ ಹುಡುಗ ಎನ್ನುತ್ತಿದ್ದರು. ಆವತ್ತು ನಾನು ಯೋಚನೆ ಮಾಡುತ್ತಿರಲಿಲ್ಲ. ಆ ಮೌನವನ್ನು ಯಾರಾದರೂ ಬೇರೆಯವರು ಮುರಿದರೆ ಸಾಕು ಎಂದು ಕಾಯುತ್ತಿದ್ದೆ.

ನರ್ಸಮ್ಮ ಎದ್ದರು. ಹದಿನೈದು ದಿನ ಕಾಯುತ್ತೇನೆ, ಕಾಗದ ತಂದರೆ ಸರಿ ಎಂದು ಹೇಳಿ, ಅಕ್ಕನ ಭುಜ ಮುಟ್ಟಿ ಹೋದರು.

ಬಸ್ ಸ್ಟ್ಯಾಂಡಿನವರೆಗೆ ಅಕ್ಕ ನನ್ನ ಜೊತೆ ನಡೆದಳು. ಊರು ಬದಲಾಗಿತ್ತು. ಮೂಲೆಯ ಗಿರಣಿ ಇದ್ದಲ್ಲಿ 'ಸೈಟುಗಳಿವೆ' ಎನ್ನುವ ಬೋರ್ಡು, ಕೆಳಗೆ ನಾನಿರುವ ದೊಡ್ಡ ಊರಿನ ಫೋನ್ ನಂಬರು. ಅರ್ಧ ದಾರಿ ಕಳೆದ ಮೇಲೆ ಅವಳು ರಸ್ತೆ ನೋಡುತ್ತಲೇ ಹೇಳಿದಳು.

"ಕಿಟಕಿ ಮುಚ್ಚಿ ನಾಲ್ಕು ವರ್ಷ ಆಯ್ತು."

"ಅಕ್ಕಾ."

"ಚಿತ್ರ ನೋಡಿದ ತಕ್ಷಣ ಗೊತ್ತಾಯ್ತು. ನಿನ್ನ ಮಂಚ ಇದ್ದ ಜಾಗ ಬಿಟ್ಟು ಬಾಗಿಲು ಬರೆದಿದೀಯ. ಬೇರೆ ಯಾರು ಹಾಗೆ ಬರೀತಾರೆ?" ಸ್ವಲ್ಪ ನಕ್ಕಳು. "ಹನ್ನೆರಡು ಅಡಿ. ಕಾಲು ಚಾಚೋಕಾಗಲ್ಲ ಅಂತ ಮೂರು ವರ್ಷ ಗೊಣಗಿದೋನು ನೀನೇ."

ಸೋಮವಾರ ಆಫೀಸಿನಲ್ಲಿ ಹೇಳುತ್ತೇನೆ ಎಂದೆ. ಅವಳು ಹೇಳು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಬಸ್ಸು ಬಂತು, ಹತ್ತು ಎಂದಳು. ಕೊನೆಯ ತೀರ್ಮಾನವನ್ನು ಅವಳು ನನ್ನ ಕೈಯಲ್ಲೇ ಬಿಟ್ಟಿದ್ದಳು. ಮೂರು ವರ್ಷ ನನ್ನನ್ನು ಬೆಳಿಗ್ಗೆ ಎಬ್ಬಿಸದೆ ಬಿಟ್ಟ ಹಾಗೆ.

ಸೋಮವಾರ ಮ್ಯಾನೇಜರರ ಬಾಗಿಲವರೆಗೆ ಹೋದೆ. ಅವರು ಫೋನಿನಲ್ಲಿದ್ದರು, ಆಮೇಲೆ ಬಾ ಎಂದು ಕೈ ಮಾಡಿದರು. ಮಂಗಳವಾರ ಒಂದು ಪತ್ರ ಬರೆದೆ. ಚೆನ್ನಾಗಿಯೇ ಬರೆದಿದ್ದೆ. ಬುಧವಾರ ಅದರಲ್ಲಿ ಎರಡು ವಾಕ್ಯ ತಿದ್ದಿದೆ. ಗುರುವಾರ ಬಾಡಿಗೆಯ ದಿನ. ಹೀಗೆ ಹದಿನೈದು ದಿನ ಆಯಿತು. ಮನೆಯನ್ನು ನಾನಿರುವ ದೊಡ್ಡ ಊರಿನ ಗಂಡಹೆಂಡತಿ ಕೊಂಡರು. ಮೂವತ್ತಾ, ಇಷ್ಟು ಅಗ್ಗಾನಾ ಎಂದು ಅವರು ಒಂದೇ ದಿನದಲ್ಲಿ ಒಪ್ಪಿದರಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋದದ್ದು ಒಂದು ಅಡಿ ಹತ್ತಿಂಚಿಗೆ.

ಅಕ್ಕ, ಭಾವ ಊರಾಚೆ ಎರಡು ಕೋಣೆಯ ಬಾಡಿಗೆ ಮನೆಗೆ ಹೋದರು. ಭಾವನಿಗೆ ಅವಳು ಏನು ಹೇಳಿದಳೋ ಗೊತ್ತಿಲ್ಲ. ಆಮೇಲೆ ಅವರು ನನ್ನನ್ನು ಡಿಗ್ರಿ ಎಂದು ಕರೆದದ್ದಿಲ್ಲ. ಫೋನು ಎತ್ತಿದರೆ, ಇರಿ, ಅವಳಿಗೆ ಕೊಡ್ತೀನಿ ಎನ್ನುತ್ತಾರೆ. ಇರಿ ಎನ್ನುತ್ತಾರೆ, ಬಹುವಚನದಲ್ಲಿ.

ಎಂಟು ತಿಂಗಳಾದ ಮೇಲೆ ಅದೇ ಬೀದಿಯ ಇನ್ನೊಂದು ಫೈಲು ಬಂತು. ಗೋಡೆ ಎಬ್ಬಿಸಿ ಕಿಟಕಿ ಮುಚ್ಚಿಸಿದರಲ್ಲ, ಆ ಪಕ್ಕದ ಮನೆ. ಈ ಸಲ ನಾನು ನೇರ ಮ್ಯಾನೇಜರರ ಬಳಿ ಹೋಗಿ, ಆ ಬೀದಿಯಲ್ಲಿ ನನ್ನ ಅಕ್ಕ ಇದ್ದಳು ಎಂದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ.

ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಈಗಿಲ್ಲ ತಾನೆ?"

"ಇಲ್ಲ ಸಾರ್."

"ಮತ್ತೇನು ತೊಂದರೆ? ಹೋಗಿ ಬನ್ನಿ."

ಹೋದೆ. ಪ್ರತಿ ಗೋಡೆಯನ್ನೂ ಎರಡೆರಡು ಸಲ ಅಳೆದೆ. ಈಗ ಆ ಬೀದಿಯಲ್ಲಿ ಹೋಲಿಕೆಗೆ ಮಾರಾಟವಾದ ಮನೆ ಒಂದಿತ್ತು, ಅಕ್ಕ ಇದ್ದ ಮನೆ. ಅದರ ಬೆಲೆ ಬರೆದೆ. ಅದರ ಕೋಣೆಗಳ ಅಳತೆ ಬರೆಯುವ ಗೆರೆಯನ್ನು ಖಾಲಿ ಬಿಟ್ಟು ಫಾರಮ್ಮನ್ನು ಚೀಲಕ್ಕೆ ಹಾಕಿಕೊಂಡೆ. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಅಕ್ಕನ ಹೊಸ ಮನೆಗೆ ನಡೆದೆ.

ಅವಳೊಬ್ಬಳೇ ಇದ್ದಳು. ಮಿಷನ್ನುಗಳಲ್ಲಿ ಒಂದನ್ನು ಮಾರಿದ್ದಳು. ಯಾವ ಬೀದಿಗೆ ಬಂದಿದ್ದೆ ಎಂದು ಕೇಳಲಿಲ್ಲ, ಕೆಲಸಕ್ಕಾ ಎಂದಷ್ಟೇ ಕೇಳಿದಳು. ಅನ್ನ ಬಡಿಸಿದಳು. ತಿಂದು ಕೈ ತೊಳೆದಾಗ, ಒಳಗಿನ ಕೋಣೆಗೆ ಒಂದು ಕಪಾಟು ತರಬೇಕು, ಹಿಡಿಸುತ್ತದೋ ಇಲ್ಲವೋ ಅಳೆದು ಹೇಳು ಎಂದಳು. ಒಂದು ತುದಿ ಹಿಡಿದು ಗೋಡೆಯ ಬುಡದಲ್ಲಿ ಕೂತಳು.

"ಎಂಟು ಅಡಿ ಒಂಬತ್ತಿಂಚು," ಎಂದೆ.

"ಸರಿಯಾಗಿ ನೋಡಿದ್ಯಾ?"

ಇನ್ನೊಂದು ಸಲ ಬಗ್ಗಿ ನೋಡಿದೆ. ಅಷ್ಟೇ ಇತ್ತು. ಹಾಗಾದರೆ ಕಪಾಟು ಹಿಡಿಸುವುದಿಲ್ಲ ಎಂದು ಅವಳು ಎದ್ದಳು. ಈ ಸಲ ಟೇಪಿನ ತುದಿಯನ್ನು ಕೈಬಿಡದೆ, ನಡೆದುಬಂದು ನನ್ನ ಕೈಗೆ ಕೊಟ್ಟಳು.

ಹಿಂತಿರುಗುವ ಬಸ್ಸಿನಲ್ಲಿ ಫಾರಮ್ಮು ತೆಗೆದು ಮಂಡಿಯ ಮೇಲಿಟ್ಟುಕೊಂಡೆ. ಹೋಲಿಕೆಯ ಮನೆ, ಮುಂದಿನ ಕೋಣೆ, ಅಗಲ. ಹತ್ತು ಅಡಿ ಎರಡಿಂಚು ಎಂದು ಬರೆದರೆ, ಹಳೆಯ ಕಾಗದ ತೆಗೆದು ಯಾರಾದರೂ ಪಕ್ಕಕ್ಕಿಟ್ಟು ನೋಡುತ್ತಾರೆ. ಬಸ್ಸು ಊರು ದಾಟುವವರೆಗೆ ಪೆನ್ನು ಹಿಡಿದುಕೊಂಡೇ ಇದ್ದೆ. ಆಮೇಲೆ ಹನ್ನೆರಡು ಎಂದು ಬರೆದೆ. ಬಸ್ಸು ಅಷ್ಟು ಕುಲುಕುತ್ತಿದ್ದರೂ ಅಂಕಿ ನೇರವಾಗಿ ಬಂದಿತ್ತು.